ಈಜುಕೊಳದ ಫಿಲ್ಟರಿಗೆ ಎಂ-ಸ್ಯಾಂಡ್ ತುಂಬಿಸಿದ ಕತೆ

ಸಂತೇಬೆನ್ನೂರಿನ ಪುಷ್ಕರಣಿ ನೋಡಿಕೊಂಡೇ ಬೆಳೆದವನು ನಾನು. ಆದರೂ ತೋಟದ ಮನೆಯ ಪುಟ್ಟ ಈಜುಕೊಳ ಒಂದು ಬೇಸಿಗೆ ಪೂರ್ತಿ ನನ್ನ ಮಾನ ಕಳೆಯಿತು. ಕಾರಣ, ಆರು ಚೀಲ ಮರಳು.

ಟೈಲ್ಸ್ ಆರಿಸೋಕೆ ದಾವಣಗೆರೆಗೆ ನಾಲ್ಕು ಸಲ ಹೋಗಿದ್ದೆವು. ಫಿಲ್ಟರ್ ಒಳಗೆ ಏನು ತುಂಬುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಕೂರಿಸಲು ಬಂದವನು "ಮರಳು ಅಂದ್ರೆ ಮರಳೇ ಅಲ್ವಾ ಸಾರ್" ಅಂತ ಗೋಡೆ ಕೆಲಸಕ್ಕೆ ತಂದಿದ್ದ ಎಂ-ಸ್ಯಾಂಡನ್ನೇ ಸುರಿದ. ನಾನೂ ತಲೆಯಾಡಿಸಿದೆ. ದುಡ್ಡು ಉಳೀತಲ್ಲ ಅಂತ ಖುಷಿ ಬೇರೆ.

ಮೂರನೇ ದಿನಕ್ಕೆ ನೀರು ಬೆಳ್ಳಗಾಯಿತು. ದೊಡ್ಡಪ್ಪ ದಂಡೆ ಮೇಲೆ ನಿಂತು "ಏನೋ ತಮ್ಮಾ, ಮಜ್ಜಿಗೆ ತುಂಬಿಸೀಯಾ?" ಅಂದರು. ಬಂದವರೆಲ್ಲ ಕ್ಲೋರಿನ್ ಹಾಕು ಅಂದರು. ಹಾಕಿದೆ. ಇನ್ನೂ ಹಾಕಿದೆ. ದುಡ್ಡು ಕರಗಿತೇ ಹೊರತು ನೀರು ತಿಳಿಯಾಗಲಿಲ್ಲ.

ಕ್ಲೋರಿನ್ ಕ್ರಿಮಿ ಕೊಲ್ಲುತ್ತದೆ, ಕಲ್ಲಿನ ಪುಡಿಯನ್ನು ಏನು ಮಾಡೀತು? ಎಂ-ಸ್ಯಾಂಡ್ ಕಲ್ಲು ಒಡೆದು ಮಾಡಿದ್ದು. 4.75 ಮಿ.ಮೀ. ಕಾಳಿಂದ ಹಿಡಿದು ಹಿಟ್ಟಿನ ತನಕ ಎಲ್ಲವೂ ಅದರಲ್ಲಿರುತ್ತದೆ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇ. 15ರ ತನಕ ಇದ್ದರೂ ಐಎಸ್ 383 (ಕಾಂಕ್ರೀಟಿನ ಮರಳು-ಜಲ್ಲಿಗೆ ಇರುವ ಭಾರತೀಯ ಮಾನದಂಡ) ಒಪ್ಪುತ್ತದೆ. ಕಾಂಕ್ರೀಟಿಗೆ ಅದು ಸರಿ. ಫಿಲ್ಟರಿಗೆ ಬೇಕಾದ್ದು 0.45ರಿಂದ 0.55 ಮಿ.ಮೀ. ಅಳತೆಯ ಸಿಲಿಕಾ ಮರಳು. ಉಪ್ಪಿಟ್ಟಿಗೆ ಒಂದು ರವೆ, ಇಡ್ಲಿಗೆ ಒಂದು ರವೆ ಅಂತ ಅಂಗಡಿಯಲ್ಲಿ ಜಗಳ ಆಡೋ ನಾವು, ಮರಳಿನ ವಿಷಯಕ್ಕೆ ಬಂದರೆ ಯಾವುದಾದರೂ ನಡೆಯುತ್ತೆ ಅಂತೀವಿ.

ಕೊನೆಗೆ ಫಿಲ್ಟರಿನ ಟ್ಯಾಂಕ್ ಬಿಚ್ಚಿದೆವು. ತಳದಲ್ಲಿ ಲ್ಯಾಟರಲ್ ಅಂತ ಬೆರಳಿನಂಥ ಪ್ಲಾಸ್ಟಿಕ್ ಕೊಳವೆಗಳಿವೆ, ಮೈತುಂಬ ಸಣ್ಣ ಸಣ್ಣ ಸೀಳು. ನೀರು ಹೋಗಬೇಕು, ಮರಳು ಹೋಗಬಾರದು. ಅದರಲ್ಲಿ ಎರಡು ಮುರಿದಿದ್ದವು. ಒಣ ಟ್ಯಾಂಕಿಗೆ ಚೀಲ ಬೋರಲು ಹಾಕಿದರೆ ಇನ್ನೇನಾಗುತ್ತೆ? ಮೊದಲು ಅರ್ಧ ಟ್ಯಾಂಕ್ ನೀರು ಬಿಡಬೇಕು, ನಡುವಿನ ಪೈಪಿನ ಬಾಯಿ ಮುಚ್ಚಬೇಕು, ಆಮೇಲೆ ಮೆಲ್ಲಗೆ ಮರಳು ಸುರಿಯಬೇಕು. ಹೊಸ ಮರಳು ನಾನೇ ಮಗ್ಗಿನಲ್ಲಿ ಸುರಿದೆ. ಅರ್ಧ ದಿನ ಹಿಡಿಯಿತು, ಸೊಂಟ ಹೋಯಿತು.

ಕೊಳಕ್ಕೆ ಮರಳು ವಾಪಸ್ ಬಂದ ತಕ್ಷಣ ಲ್ಯಾಟರಲ್ ಮುರಿದಿದೆ ಅಂತಲೂ ಹೇಳಲಾಗದು. ಮರಳು ತುಂಬಿದ ಮೇಲೋ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯೋದು) ಆದ ಮೇಲೋ ಒಂದು ಸಲ ಬಂದು ನಿಂತರೆ ರಿನ್ಸ್ ಮಾಡಿಲ್ಲ, ಅಂದರೆ ಮೊದಲ ನೀರನ್ನು ಕೊಳಕ್ಕೆ ಬಿಡದೆ ಹೊರಗೆ ಚೆಲ್ಲಿಲ್ಲ ಅಂತ ಅರ್ಥ. ದಿನಾ ಬರುತ್ತಿದ್ದರೆ ಟ್ಯಾಂಕ್ ಬಿಚ್ಚಿ ನೋಡಿ. ಬ್ಯಾಕ್‌ವಾಶ್‌ಗೋ ರಿನ್ಸ್‌ಗೋ ವಾಲ್ವಿನ ಹಿಡಿಕೆ ತಿರುಗಿಸುವ ಮುಂಚೆ ಪಂಪ್ ಆಫ್ ಮಾಡಿ. ಇಲ್ಲದಿದ್ದರೆ ವಾಲ್ವ್ ಒಳಗಿನ ಗ್ಯಾಸ್ಕೆಟ್ ಹಾಳಾಗುತ್ತದೆ.

ದಿನಾ ಬ್ಯಾಕ್‌ವಾಶ್ ಮಾಡುವ ಚಟವೂ ನನಗಿತ್ತು. ಮರಳಿನಲ್ಲಿ ಸ್ವಲ್ಪ ಕೊಳೆ ಕೂತ ಮೇಲೇ ಅದು ಚೆನ್ನಾಗಿ ಸೋಸೋದು. ಮರಳು ಶುಚಿಯಿದ್ದಾಗ ಫಿಲ್ಟರಿನ ಗೇಜ್ ತೋರಿಸುವ ಪ್ರೆಷರ್ ಬರೆದಿಟ್ಟುಕೊಳ್ಳಿ. ಅದಕ್ಕಿಂತ 8-10 ಪಿಎಸ್‌ಐ ಏರಿದಾಗ ಮಾಡಿದರೆ ಸಾಕು. ಸುಮ್ನೆ ನೀರು ಚೆಲ್ಲೋದು ಯಾಕೆ, ಅದೂ ನಮ್ಮ ಕಡೆಯ ಬೋರ್‌ವೆಲ್ ನೀರು! ಅದರ ಗಡಸು ಹಂಡೆ ತಿಕ್ಕಿದವರಿಗೆ ಗೊತ್ತು. ಅದೇ ಸುಣ್ಣ ಫಿಲ್ಟರಿನಲ್ಲೂ ಮರಳನ್ನು ಹೆಂಟೆ ಕಟ್ಟಿಸುತ್ತದೆ. ಆಗ ನೀರು ಹೆಂಟೆಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಸೋಸದೇ ಹೊರಬರುತ್ತದೆ. ಮರಳು ಐದಾರು ವರ್ಷ ಬರುತ್ತೆ ಅಂತಾರೆ. ನಾನಂತೂ ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಕೈ ಹಾಕಿ ನೋಡುತ್ತೇನೆ.

ಹೋದ ಬೇಸಿಗೆಯಲ್ಲಿ ತಂಗಿ ಮಕ್ಕಳಿಗೆ ಅಂಗಳದಲ್ಲಿ ಇಡುವ ಪ್ಲಾಸ್ಟಿಕ್ ಕೊಳ ತಂದಳು. ಅದರ ತಳದ ಕೆಳಗೆ ಹಾಸಲು "ಅಣ್ಣಾ, ನಿನ್ನ ಹಳೇ ಮರಳು ಕೊಡು" ಅಂದಳು. ಕೊಡಲಿಲ್ಲ. ಚೂಪು ಕಲ್ಲಿನ ಚೂರು ಹಾಳೆ ಚುಚ್ಚುತ್ತದೆ. ಅಲ್ಲಿಗೆ ಬೇಕಾದ್ದು ಜರಡಿ ಹಿಡಿದ, ನುಣುಪು ಮರಳು. ಸುತ್ತ ಕಟ್ಟೆ ಇಲ್ಲದಿದ್ದರೆ ಅದೂ ಮೊದಲ ಮಳೆಗೆ ಕೊಚ್ಚಿಹೋಗಿ ತಳ ಕುಸಿಯುತ್ತದೆ.

ಆ ಆರು ಚೀಲ ಎಂ-ಸ್ಯಾಂಡ್‌ನಲ್ಲಿ ದೊಡ್ಡಪ್ಪ ಕೊಟ್ಟಿಗೆಯ ಕಟ್ಟೆ ಕಟ್ಟಿಸಿದರು. ಗಟ್ಟಿಯಾಗಿದೆ.