ಸ್ಪೀಡ್ ಬರ್ತಿದೆಯಲ್ಲ ಸಾರ್!

"ಸ್ಪೀಡ್ ಬರ್ತಿದೆಯಲ್ಲ ಸಾರ್, ಇನ್ನೇನು ತೊಂದರೆ?" ಕಸ್ಟಮರ್ ಕೇರ್‌ನವರ ಈ ಮಾತು ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ. ಬರ್ತಿದೆ ಮಾರಾಯ್ರೆ, ಇಲ್ಲ ಅಂದವರು ಯಾರು? ಯೂಟ್ಯೂಬ್ ಓಡುತ್ತದೆ. ಆಫೀಸಿನ ವಿಪಿಎನ್‌ಗೂ (ಮನೆಯಿಂದ ಆಫೀಸಿನ ನೆಟ್‌ವರ್ಕ್ ಸೇರುವ ಸುರಕ್ಷಿತ ದಾರಿ) ಲಾಗಿನ್ ಆಗುತ್ತದೆ, ಚಾಟ್ ಹೋಗುತ್ತದೆ. ಒಂದು ಫೈಲ್ ಹಾಕಿ ನೋಡಿ, ಅಲ್ಲೇ ಗರ ಬಡಿದು ನಿಲ್ಲುತ್ತದೆ!

ಹೊಸ ರೂಟರ್ ಹಾಕಿಹೋದ ಮೇಲೆ ಶುರುವಾದ ಕಾಟ ಇದು. ಆಫೀಸಿನ ಐಟಿಯವರು "ನಿಮ್ಮ ಮನೆ ನೆಟ್ ಸರಿ ಇಲ್ಲ" ಅನ್ನುತ್ತಾರೆ. ನೆಟ್‌ನವರು "ನಿಮ್ಮ ಆಫೀಸಿನವರನ್ನೇ ಕೇಳಿ" ಅನ್ನುತ್ತಾರೆ.

ಕೊನೆಗೆ ನಾನೇ ಪಿಂಗ್ ಹಾಕಿದೆ, ಅಂದರೆ ಡೇಟಾದ ಒಂದು ಕಟ್ಟು (ಪ್ಯಾಕೆಟ್) ಕಳಿಸಿ ಉತ್ತರ ಬರುತ್ತದಾ ಅಂತ ನೋಡಿದೆ, ದಾರಿಯಲ್ಲಿ ಅದನ್ನು ಒಡೆಯಬಾರದು ಅನ್ನುವ ಗುರುತಿಟ್ಟು. 1464 ಬೈಟ್ ಕಳಿಸಿದರೆ ಉತ್ತರ ಬರುತ್ತದೆ. 1472 ಕಳಿಸಿದರೆ ಟೈಮ್ಡ್ ಔಟ್. 1464ಕ್ಕೆ ಹೆಡರ್‌ಗಳ (ಪ್ಯಾಕೆಟ್ ಮೇಲಿನ ವಿಳಾಸದ ಚೀಟಿ ಇದ್ದಹಾಗೆ) 28 ಬೈಟ್ ಸೇರಿಸಿದರೆ ಈ ಲೈನಿಗೆ ಹಿಡಿಸುವುದು 1492. ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ನೆಟ್ ಸೇರುವ ವಿಧಾನ) ಲೈನು ಅಲ್ವಾ, ಈಥರ್ನೆಟ್‌ನ 1500ರಲ್ಲಿ 8 ಬೈಟ್ ಅದಕ್ಕೇ ಹೋಗುತ್ತದೆ. ಇವರ ರೂಟರ್‌ನಲ್ಲಿ ನೋಡಿದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1500! ತಿದ್ದೋಣ ಅಂದರೆ ಆ ಜಾಗ ಲಾಕ್. ಕಣ್ಣಿಗೆ ಕಾಣುತ್ತದೆ, ಕೈ ಹಾಕುವಂತಿಲ್ಲ.

ಪ್ಯಾಕೆಟ್ ದೊಡ್ಡದಾದರೆ "ಹಿಡಿಸುತ್ತಿಲ್ಲ, ಚಿಕ್ಕದು ಮಾಡು" ಅಂತ ಒಂದು ಐಸಿಎಂಪಿ (ನೆಟ್‌ವರ್ಕ್ ತನ್ನ ತೊಂದರೆ ತಿಳಿಸುವ) ಸಂದೇಶ ವಾಪಸ್ ಬರಬೇಕು. 1990ರಲ್ಲೇ ಬರೆದಿಟ್ಟ ಪದ್ಧತಿ ಅದು. ಇಲ್ಲಿ ಅದೂ ಇಲ್ಲ. ಸುಮ್ನೆ ನುಂಗಿ ಕೂರುತ್ತದೆ. ವೆಬ್‌ಸೈಟ್‌ಗಳು ಬಚಾವಾಗುತ್ತವೆ, ಯಾಕೆಂದರೆ ಅವು ಹೆಚ್ಚಾಗಿ ಬಳಸುವ ಟಿಸಿಪಿ ಅನ್ನುವ ಸಾಗಣೆ ವಿಧಾನಕ್ಕೆ ದಾರಿಯಲ್ಲೇ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಡೇಟಾದ ಮಿತಿ) ಕುಗ್ಗಿಸುವ ಏರ್ಪಾಡು ಇರುತ್ತದೆ. ನಮ್ಮ ವಿಪಿಎನ್ ಓಡುವುದು ಯುಡಿಪಿ ಅನ್ನುವ ಇನ್ನೊಂದು ವಿಧಾನದ ಮೇಲೆ, ಅದಕ್ಕೆ ಆ ಭಾಗ್ಯ ಇಲ್ಲ. ಹಾಗಿರುವಾಗ ನಿಮ್ಮ ಸ್ಪೀಡ್ ಟೆಸ್ಟ್ ಇಟ್ಟುಕೊಂಡು ನಾನೇನು ಮಾಡಲಿ?

ಇಷ್ಟನ್ನೂ ಫೋನಿನಲ್ಲಿ ಬಿಡಿಸಿ ಹೇಳಿದೆ. ಒಂದು ಅಂಕಿ ಬದಲಾಯಿಸಿ, 1500 ತೆಗೆದು 1492 ಹಾಕಿ, ಅಷ್ಟೇ ಅಂದೆ. ಆ ಕಡೆಯಿಂದ ಉತ್ತರ: "ಸಾರ್, ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡ್ತೀರಾ?" ಪಾಪ ಆ ಹುಡುಗಿಯ ತಪ್ಪೇನಿಲ್ಲ, ಅವಳ ಮುಂದಿರುವ ಚೀಟಿಯಲ್ಲಿ ಅಷ್ಟೇ ಬರೆದಿರುತ್ತದೆ. ಆದರೆ ಆ ಚೀಟಿ ಬರೆದವನು ಒಮ್ಮೆ ಕೈಗೆ ಸಿಗಬೇಕು ನನಗೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್‌ನ ಎಂಟಿಯು 1400ಕ್ಕೆ ಇಳಿಸಿಕೊಂಡೆ, ಕೆಲಸ ನಡೆಯುತ್ತಿದೆ. ಹೆಂಡತಿಯದ್ದು ಕಂಪನಿಯ ಲ್ಯಾಪ್‌ಟಾಪ್, ಅದರಲ್ಲಿ ಏನನ್ನೂ ಮುಟ್ಟಲು ಅನುಮತಿ ಇಲ್ಲ. ಅವಳು ಫೈಲ್ ಕಳಿಸಬೇಕಾದಾಗಲೆಲ್ಲ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಾಳೆ. ಫೈಬರ್ ಬಿಲ್ ಮಾತ್ರ ಒಂದು ದಿನವೂ ತಡವಾಗದೆ ಬರುತ್ತದೆ. ಅದಕ್ಕೆ ಯಾವ ಎಂಟಿಯು ಸಮಸ್ಯೆಯೂ ಇಲ್ಲ ನೋಡಿ!