ಸ್ಕ್ರೂ ಕೂರಿಸುವಲ್ಲಿಗೇ ಮುಗಿಯುವ ಪಾಠ

ಮಳೆಗಾಲ ಕಳೆಯುತ್ತಲೇ ದಂತವೈದ್ಯರಿಗಾಗಿ ನಡೆಯುವ ಇಂಪ್ಲಾಂಟ್ ತರಬೇತಿ ಶಿಬಿರಗಳ ಪೋಸ್ಟರ್‌ಗಳು ಮತ್ತೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡತೊಡಗಿವೆ. ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಎಲುಬಿಗೆ ಕೂರಿಸುವ, ಕೃತಕ ಹಲ್ಲಿಗೆ ಬೇರಾಗುವ ಟೈಟಾನಿಯಂ ಸ್ಕ್ರೂ. ಶನಿವಾರ, ಭಾನುವಾರ, ಎರಡೇ ದಿನ. ರೋಗಿಯ ಬಾಯಿಯಲ್ಲಿ ಕೈಯಾರೆ ಇಂಪ್ಲಾಂಟ್ ಕೂರಿಸುವ ಅವಕಾಶ, ಪ್ರಮಾಣಪತ್ರ, ಮಧ್ಯಾಹ್ನದ ಊಟ. ಇದನ್ನು ಓದುವಾಗಲೆಲ್ಲ ನನ್ನಲ್ಲಿ ಏಳುವುದು ಒಂದೇ ಪ್ರಶ್ನೆ: ನಾಲ್ಕು ತಿಂಗಳ ನಂತರ ಆ ಸ್ಕ್ರೂ ಮೇಲೆ ಹಲ್ಲು ಕೂರಿಸುವ ದಿನ ಈ ಶಿಬಿರಾರ್ಥಿ ಎಲ್ಲಿರುತ್ತಾನೆ?

ಮೊದಲೇ ಹೇಳಿಬಿಡುತ್ತೇನೆ, ನಾನು ದಂತವೈದ್ಯನಲ್ಲ. ಮಂಗಳೂರಿನಲ್ಲಿ ಸಣ್ಣದೊಂದು ಡೆಂಟಲ್ ಲ್ಯಾಬ್ ನಡೆಸುವವನು. ಡಾಕ್ಟರು ಎಲುಬಿನಲ್ಲಿ ಕೂರಿಸಿದ್ದರ ಮೇಲೆ ಹಲ್ಲು ಮಾಡಿಕೊಡುವುದು ನನ್ನ ಕಸುಬು. ರೋಗಿ ನನ್ನನ್ನು ಕಂಡಿರುವುದಿಲ್ಲ. ಅವನ ಬಾಯಿ ನನಗೆ ಸಿಗುವುದು ಗಟ್ಟಿ ಪ್ಲಾಸ್ಟರಿನ ಅಚ್ಚಾಗಿ, ಇತ್ತೀಚೆಗೆ ಸ್ಕ್ಯಾನರ್ ಕಳುಹಿಸಿದ ಫೈಲಾಗಿ. ಇವನಿಗೇಕೆ ಈ ಉಸಾಬರಿ ಎನ್ನುವವರಿದ್ದಾರು. ತರಬೇತಿಯ ಲೋಪ ಮೊದಲು ಬಂದು ಬೀಳುವುದು ನನ್ನ ಮೇಜಿನ ಮೇಲೆ, ಅದಕ್ಕೆ.

ಒಂದು ಅಚ್ಚನ್ನೇ ನೋಡೋಣ. ಮೇಲ್ದವಡೆ, ಕೋರೆಹಲ್ಲಿನ ಹಿಂದಿನ ಹಲ್ಲಿನ ಜಾಗ. ಅಲ್ಲಿ ಎಲುಬು ಎತ್ತ ಇತ್ತೋ ಅತ್ತ ಕೊರೆದಿದ್ದಾರೆ. ಇಂಪ್ಲಾಂಟಿನ ಬಾಯಿ ಕೆನ್ನೆಯ ಕಡೆಗೆ ವಾಲಿದೆ. ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಕೊಂಡಿಯಾದ ಅಬಟ್‌ಮೆಂಟನ್ನು ನೇರವಾದದ್ದೇ ಇಟ್ಟರೆ, ಹಲ್ಲನ್ನು ಬಿಗಿಯುವ ಒಳಗಿನ ಸ್ಕ್ರೂವಿನ ತೂತು ಬರುವುದು ಹಲ್ಲಿನ ಮುಖದ ಮೇಲೆ, ನಕ್ಕರೆ ಎಲ್ಲರಿಗೂ ಕಾಣುವಂತೆ. ಹದಿನೈದು ಡಿಗ್ರಿಯ ಬಾಗಿದ ಅಬಟ್‌ಮೆಂಟ್ ಸಾಲದು, ಇಪ್ಪತ್ತೈದರದ್ದು ಬೇಕು. ಅದನ್ನು ಹಾಕಿ, ಸ್ಕ್ರೂ ತೂತಿನ ಆಸೆ ಬಿಟ್ಟು, ಕ್ಯಾಪನ್ನು, ಅಂದರೆ ಮೇಲಿನ ಕೃತಕ ಹಲ್ಲನ್ನು, ಸಿಮೆಂಟಿನಿಂದ ಅಂಟಿಸಬೇಕು. ಆ ಸಿಮೆಂಟು ವಸಡಿನ ಕೆಳಗೆ ಇಳಿದು ಉಳಿದುಬಿಟ್ಟರೆ ವಸಡು ಊದಿಕೊಳ್ಳುತ್ತದೆ, ಕೀವು ಆಗುತ್ತದೆ, ಕ್ರಮೇಣ ಸುತ್ತಲಿನ ಎಲುಬು ಕರಗುತ್ತದೆ. ಇನ್ನೊಂದು ಅಚ್ಚಿನಲ್ಲಿ ಎದುರಿನ ಹಲ್ಲು ವರ್ಷಗಟ್ಟಲೆ ಖಾಲಿ ಜಾಗಕ್ಕೆ ಇಳಿದು ಕುಳಿತಿದೆ. ಅಂಟಿಸುವ ಕ್ಯಾಪಿಗೆ ಎತ್ತರ ಏಳು ಮಿಲಿಮೀಟರ್‌ ಆದರೂ ಬೇಕು, ಉಳಿದಿರುವುದು ನಾಲ್ಕು. ಇದನ್ನು ಇಂಪ್ಲಾಂಟ್ ಹಾಕುವ ಮುನ್ನ ಯಾರೂ ಅಳೆದಿಲ್ಲ. ಫೋನ್ ಮಾಡಿದರೆ ಬರುವ ಉತ್ತರ: "ನೀವೇ ಸ್ವಲ್ಪ ಅಡ್ಜಸ್ಟ್ ಮಾಡಿ."

ಅಡ್ಜಸ್ಟ್ ಮಾಡುವುದರಲ್ಲಿ ನಾವು ನಿಸ್ಸೀಮರು, ಆ ಮಾತು ಬೇರೆ. ಆದರೆ ಇದಕ್ಕೆ ಪರಿಹಾರ ಇಂಪ್ಲಾಂಟ್ ಪಠ್ಯದ ಮೊದಲ ಪುಟಗಳಲ್ಲೇ ಇದೆ. ಬರಬೇಕಾದ ಹಲ್ಲನ್ನು ಮೊದಲು ಮೇಣದಲ್ಲೋ ಕಂಪ್ಯೂಟರಿನಲ್ಲೋ ಮಾಡಿ ನೋಡು, ಅದರ ಕೆಳಗೆ ಇಂಪ್ಲಾಂಟ್ ಎಲ್ಲಿರಬೇಕೆಂದು ಆಮೇಲೆ ನಿರ್ಧರಿಸು. ಪಕ್ಕದ ಹಲ್ಲಿನಿಂದ ಒಂದೂವರೆ ಮಿಲಿಮೀಟರ್, ಎರಡು ಇಂಪ್ಲಾಂಟ್‌ಗಳ ನಡುವೆ ಮೂರು, ಕೆಳದವಡೆಯ ನರದಿಂದ ಎರಡು ಮಿಲಿಮೀಟರ್ ದೂರ ಎಂಬ ಲೆಕ್ಕಗಳೆಲ್ಲ ಎಲ್ಲರಿಗೂ ಬಾಯಿಪಾಠ. ಹಲ್ಲಿನಿಂದ ಕೆಳಕ್ಕೆ ಯೋಚಿಸುವ ಅಭ್ಯಾಸ ಮಾತ್ರ ಎರಡು ದಿನದಲ್ಲಿ ಬರುವುದಿಲ್ಲ.

ಎರಡು ದಿನದಲ್ಲಿ ಬಾರದ ಇನ್ನೊಂದು ಅಭ್ಯಾಸ ಕಾಯುವುದು. ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಮೊಲದ ಎಲುಬಿಗೆ ಟೈಟಾನಿಯಂ ಬೆಸೆದುಕೊಂಡದ್ದನ್ನು ಗಮನಿಸಿದ್ದು 1950ರ ದಶಕದ ಆರಂಭದಲ್ಲಿ. ಮನುಷ್ಯನ ದವಡೆಗೆ ಮೊದಲ ಬಾರಿ ಹಾಕಿದ್ದು 1965ರಲ್ಲಿ. ಇಂಪ್ಲಾಂಟ್ ಕುರಿತ 1982ರ ಟೊರಾಂಟೊ ಸಮ್ಮೇಳನದ ನಂತರವೇ ಜಗತ್ತು ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. ಅವರ ಪದ್ಧತಿಯಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳವರೆಗೆ ಕಾಯಬೇಕಿತ್ತು. ಎಲುಬು ಲೋಹಕ್ಕೆ ಅಂಟಿಕೊಳ್ಳಲು ತೆಗೆದುಕೊಳ್ಳುವ ಸಮಯ ಅದು.

ನಮ್ಮ ಕರಾವಳಿಯಲ್ಲಿ ಕಾಯುವವರು ಯಾರು? ದುಬೈಯಿಂದಲೋ ಕುವೈತಿನಿಂದಲೋ ಬಂದವರ ರಜೆ ಒಂದು ತಿಂಗಳು. ಅದರಲ್ಲಿ ಒಂದು ಮದುವೆ, ಒಂದು ಭೂತಕೋಲ, ಮನೆಗೆ ಬಣ್ಣ ಬಳಿಸುವುದು, ನಡುವೆ ಹಲ್ಲು. "ಹೋಗುವ ಮೊದಲು ಕ್ಯಾಪ್ ಹಾಕಿ ಕೊಡಬೇಕು" ಎಂದು ಕ್ಲಿನಿಕ್ಕಿನಲ್ಲಿ ಪಟ್ಟು. ತಕ್ಷಣ ಹಲ್ಲು ಕೊಡುವ ವಿಧಾನ ಸುಳ್ಳಲ್ಲ. ಎಲುಬು ಗಟ್ಟಿಯಾಗಿ ಇಂಪ್ಲಾಂಟ್ ಬಿಗಿಯಾಗಿ ಕುಳಿತಿದ್ದರೆ, ಹಲ್ಲಿಗೆ ಜಗಿತದ ಪೂರ್ತಿ ಭಾರ ಬೀಳದಂತೆ ನೋಡಿಕೊಂಡರೆ ಆಗುತ್ತದೆ. ಯಾರಿಗೆ ಆಗದು ಎಂದು ಹೇಳುವ ಧೈರ್ಯವನ್ನು ಕಲಿಸುವುದು ಯಾವ ಶಿಬಿರ? ಮುಂದಿನ ರಜೆಗೆ ಬನ್ನಿ, ಅಲ್ಲಿಯವರೆಗೆ ತೆಗೆದಿಡುವ ಹಲ್ಲು ಮಾಡಿಕೊಡುತ್ತೇವೆ ಎಂದರೆ ರೋಗಿ ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋಗುತ್ತಾನೆ. ಮಂಗಳೂರಿನ ಬಲ್ಮಠದಿಂದ ಬೆಂದೂರ್‌ವೆಲ್ ತನಕ ನಡೆದು ಬೋರ್ಡುಗಳನ್ನು ಓದಿದರೆ ಆ ಭಯ ಎಷ್ಟು ನಿಜವೆಂದು ತಿಳಿಯುತ್ತದೆ.

ಶಿಬಿರಕ್ಕೆ ಹೋಗುವ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಮಣಿಪಾಲದಲ್ಲಿ 1965ರಿಂದ ದಂತ ಕಾಲೇಜಿದೆ. ಮಂಗಳೂರು ನಗರ, ದೇರಳಕಟ್ಟೆ, ಮುಕ್ಕ, ಸುಳ್ಯ ಎಂದು ಆಮೇಲೆ ಸಾಲುಗಟ್ಟಿದವು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದಂತ ಕಾಲೇಜುಗಳಿರುವ ಊರು ದೇಶದಲ್ಲಿ ಹೆಚ್ಚಿರಲಾರದು. ಆದರೂ ನಾಲ್ಕು ವರ್ಷ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದ ಬಿಡಿಎಸ್ ಪದವೀಧರನ ಕೈಗೆ ಇಂಪ್ಲಾಂಟ್ ಬರುವುದು ಅಪರೂಪ. ಅದರ ಮೇಲಿನ ಸ್ನಾತಕೋತ್ತರ ಪದವಿ ಎಂಡಿಎಸ್‌ನಲ್ಲಿ ಇಂಪ್ಲಾಂಟಿಗೆಂದೇ ಪ್ರತ್ಯೇಕ ವಿಭಾಗವಿಲ್ಲ. ಕೃತಕ ಹಲ್ಲಿನವರು, ವಸಡಿನವರು, ಬಾಯಿಯ ಶಸ್ತ್ರಚಿಕಿತ್ಸೆಯವರು ಮೂವರೂ ಅದು ತಮ್ಮದೆನ್ನುತ್ತಾರೆ. ಮೂವರೂ ಸರಿಯೇ. ಆ ಮೂವರು ಒಂದೇ ರೋಗಿಯ ಮುಂದೆ ಒಟ್ಟಿಗೆ ಕುಳಿತದ್ದನ್ನು ನೋಡುವ ಭಾಗ್ಯ ಮಾತ್ರ ವಿದ್ಯಾರ್ಥಿಗಿಲ್ಲ. ಹೊರಬಂದು ಕ್ಲಿನಿಕ್ ಸಾಲದ ಕಂತು ಶುರುವಾದ ಮೇಲೆ ಅವನಿಗೆ ಉಳಿಯುವುದು ಕಂಪನಿಯ ಶಿಬಿರ. ಕಂಪನಿ ತನ್ನ ಕಿಟ್ ಬಳಸುವುದನ್ನು ಚೆನ್ನಾಗಿಯೇ ಕಲಿಸುತ್ತದೆ. ಆಮೇಲಿನ ಹತ್ತು ವರ್ಷ ಅದರ ಹೊಣೆಯಲ್ಲ.

ಯಂತ್ರಗಳು ಎಲ್ಲವನ್ನೂ ಸರಿಮಾಡುತ್ತವೆ ಎಂಬ ನಂಬಿಕೆಯೂ ಬೆಳೆಯುತ್ತಿದೆ. ನನಗೆ ಯಂತ್ರದ್ವೇಷವಿಲ್ಲ, ತ್ರಿಡಿ ಪ್ರಿಂಟರಿನಲ್ಲಿ ಸರ್ಜಿಕಲ್ ಗೈಡ್, ಅಂದರೆ ಎಲ್ಲಿ ಯಾವ ಕೋನದಲ್ಲಿ ಕೊರೆಯಬೇಕೆಂದು ತೋರಿಸುವ ತೂತಿನ ಅಚ್ಚು, ಮಾಡಿ ಕೊಡುವುದೂ ಈಗ ನನ್ನ ಅನ್ನದ ಒಂದು ಪಾಲು. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ ನರದ ದಾರಿಯನ್ನು ಸಾಫ್ಟ್‌ವೇರ್ ತಾನೇ ಗುರುತಿಸುತ್ತದೆ, ಗೈಡಿನ ತೂತಿನಲ್ಲಿ ಡ್ರಿಲ್ ಇಳಿಸಿದರೆ ಯೋಜಿಸಿದ ಕೋನದ ಹತ್ತಿರಕ್ಕೆ ಹೋಗುತ್ತದೆ. ಆದರೆ ನಮ್ಮ ಊರಿನ ಬಾಯಿ ಪಾಠದ ವೀಡಿಯೊದಲ್ಲಿನ ಬಾಯಿಯಲ್ಲ. ಪುತ್ತೂರು, ಸುಳ್ಯದ ಕಡೆಯಿಂದ ಬರುವ, ವರ್ಷಾನುಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯದವರಿದ್ದಾರೆ. ಗೈಡ್ ಇಟ್ಟ ಮೇಲೆ ಡ್ರಿಲ್ಲಿಗೆ ಇನ್ನಷ್ಟು ಉದ್ದ ಬೇಕು. ಹಿಂದಿನ ದವಡೆಹಲ್ಲಿನ ಜಾಗಕ್ಕೆ ಅದು ಹೋಗುವುದೇ ಇಲ್ಲ. ಹೋದರೂ ಗೈಡ್ ಅಡ್ಡವಾಗಿ ತಂಪು ನೀರು ಎಲುಬಿಗೆ ಸರಿಯಾಗಿ ತಲುಪುವುದಿಲ್ಲ. ಎಲುಬಿನ ಬಿಸಿ 47 ಡಿಗ್ರಿ ದಾಟಿ ಒಂದು ನಿಮಿಷ ನಿಂತರೆ ಆ ಎಲುಬು ಸಾಯುತ್ತದೆ, ಇಂಪ್ಲಾಂಟ್ ಹಿಡಿಯುವುದಿಲ್ಲ. ಬಾಯಿ ಎಷ್ಟು ತೆರೆಯುತ್ತದೆ ಎಂದು ಒಂದು ಸ್ಕೇಲಿನಲ್ಲಿ ಅಳೆದು ತಿಳಿಸಿದ್ದರೆ ನಾನು ಗೈಡನ್ನೇ ಬೇರೆ ರೀತಿ ಮಾಡುತ್ತಿದ್ದೆ, ಇಲ್ಲವೇ ಗೈಡ್ ಬೇಡವೆನ್ನುತ್ತಿದ್ದೆ. ನನ್ನ ಆರ್ಡರ್ ಫಾರಂನಲ್ಲಿ ಅದಕ್ಕೊಂದು ಕಾಲಂ ಇದೆ. ತುಂಬಿಸುವವರು ಕಡಿಮೆ.

ನನಗೆ ನಿಜವಾಗಿ ಸಿಟ್ಟು ಬರುವುದು ದಾಖಲೆಯ ವಿಷಯದಲ್ಲಿ. ಉಡುಪಿಯ ಒಬ್ಬ ಡಾಕ್ಟರು ಎಕ್ಸ್‌ರೇ ಕಳುಹಿಸಿ ಕೇಳುತ್ತಾರೆ: ಇದು ಯಾವ ಕಂಪನಿಯದ್ದು, ಗೊತ್ತಾಗುತ್ತದೆಯೇ? ರೋಗಿಯ ಹಲ್ಲು ಅಲ್ಲಾಡುತ್ತಿದೆ. ಇಂಪ್ಲಾಂಟ್ ಗಟ್ಟಿಯಾಗಿದೆ, ಒಳಗಿನ ಸ್ಕ್ರೂ ಸಡಿಲವಾಗಿದೆ ಅಷ್ಟೆ. ಸರಿಯಾದ ಡ್ರೈವರ್ ಇದ್ದರೆ ಹತ್ತು ನಿಮಿಷದ ಕೆಲಸ. ಆದರೆ ಒಂದು ಕಂಪನಿಯದ್ದು ಆರು ಮೂಲೆ, ಇನ್ನೊಂದರದ್ದು ನಕ್ಷತ್ರದ ಆಕಾರ. ಆರು ಮೂಲೆಯಲ್ಲೂ 1.25 ಮತ್ತು 1.27 ಮಿಲಿಮೀಟರ್ ಎಂಬ ಭೇದ. ತಪ್ಪು ಡ್ರೈವರ್ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಹತ್ತು ನಿಮಿಷದ ಕೆಲಸ ಹತ್ತು ಸಲದ ಓಡಾಟವಾಗುತ್ತದೆ. ಹಾಕಿದ ಕ್ಲಿನಿಕ್ ಮುಚ್ಚಿದೆ. ರೋಗಿಯ ಬಳಿ ಒಂದು ತುಂಡು ಕಾಗದವೂ ಇಲ್ಲ. ಪ್ರತಿ ಇಂಪ್ಲಾಂಟ್ ಡಬ್ಬಿಯಲ್ಲಿ ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಬರುತ್ತದೆ. ಅದನ್ನು ಕಿತ್ತು ರೋಗಿಯ ಚೀಟಿಗೆ ಅಂಟಿಸಲು ಯಾವ ತಂತ್ರಜ್ಞಾನ ಬೇಕು? ಯುರೋಪಿನ 2017ರ ವೈದ್ಯಕೀಯ ಸಾಧನ ನಿಯಮದಲ್ಲಿ ದೇಹದೊಳಗೆ ಕೂರಿಸುವ ಸಾಧನಕ್ಕೆ ರೋಗಿಯ ಕೈಗೆ ಕಾರ್ಡ್ ಕೊಡಬೇಕೆಂದಿದೆ. ಇಲ್ಲಿ ಫ್ರಿಜ್ ಕೊಂಡರೆ ವಾರಂಟಿ ಕಾರ್ಡನ್ನು ಜೋಪಾನವಾಗಿಡುವ ನಾವು ದವಡೆಯೊಳಗೆ ಏನಿದೆ ಎಂದು ಕೇಳುವುದಿಲ್ಲ. ಕೇಳಿ. ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ, ದಿನಾಂಕ, ಇಷ್ಟು ಬರೆದು ಕೊಡಿ ಎಂದು ಡಾಕ್ಟರನ್ನು ಕೇಳುವುದರಲ್ಲಿ ಅವಮಾನವೇನಿಲ್ಲ.

1948ರ ದಂತವೈದ್ಯರ ಕಾಯ್ದೆಯ ಬದಲಿಗೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಹೊಸ ವ್ಯವಸ್ಥೆ ಇಂಪ್ಲಾಂಟ್ ತರಬೇತಿಗೆ ಕೈ ಹಾಕುವುದಾದರೆ ನನ್ನದೊಂದು ಬೇಡಿಕೆ. ಶಿಬಿರದ ಕೊನೆಯ ದಿನವೇ ಪ್ರಮಾಣಪತ್ರ ಹಂಚುವುದು ನಿಲ್ಲಲಿ. ತಾನು ಹಾಕಿದ ಇಂಪ್ಲಾಂಟಿಗೆ ಹಲ್ಲು ಕೂರಿಸಿ, ಒಂದು ವರ್ಷದ ನಂತರ ಅದೇ ರೋಗಿಯನ್ನು ಕರೆಸಿ, ವಸಡು ಮತ್ತು ಎಕ್ಸ್‌ರೇ ತೋರಿಸಿದವನಿಗೆ ಮಾತ್ರ ಪತ್ರ ಸಿಗಲಿ. ಇಂಪ್ಲಾಂಟ್ ಕೈಕೊಡುವ ಸಾಧ್ಯತೆ ಹೆಚ್ಚಿರುವ ಸಕ್ಕರೆ ಕಾಯಿಲೆಯವರು, ಬೀಡಿ ಬಿಡದವರು ಆ ಒಂದು ವರ್ಷದಲ್ಲಿ ಎಲ್ಲ ಪಾಠವನ್ನೂ ಕಲಿಸುತ್ತಾರೆ. ಇದರಿಂದ ಶಿಬಿರಗಳಿಗೆ ಜನ ಕಡಿಮೆಯಾಗಬಹುದು, ಆಗಲಿ.

ನನ್ನ ಹೊಟ್ಟೆಪಾಡಿನ ಮಾತೂ ಇದರಲ್ಲಿದೆ, ಬಚ್ಚಿಡುವುದಿಲ್ಲ. ಡೆಂಟಲ್ ಮೆಕ್ಯಾನಿಕ್ ಕೋರ್ಸ್ ಮುಗಿಸಿದ ಹುಡುಗರು ಕಂಪ್ಯೂಟರ್ ವಿನ್ಯಾಸ ಕಲಿತ ಮರುದಿನವೇ ಬೆಂಗಳೂರಿಗೋ ಗಲ್ಫಿಗೋ ಹೊರಡುತ್ತಾರೆ. ಇಲ್ಲಿ ಸಂಬಳ ಕಡಿಮೆ, ಮರ್ಯಾದೆ ಅದಕ್ಕಿಂತ ಕಡಿಮೆ. ಇಂಪ್ಲಾಂಟ್ ಯೋಜನೆಯ ಮೇಜಿನಲ್ಲಿ ಅವರಿಗೊಂದು ಕುರ್ಚಿ ಹಾಕಿದ್ದರೆ ಕೆಲವರಾದರೂ ಉಳಿಯುತ್ತಿದ್ದರು.

ಈ ಬರಹ ಓದುವ ಕಾಲೇಜಿನ ಅಧ್ಯಾಪಕರು ತಮ್ಮ ಇಂಟರ್ನ್‌ಗಳನ್ನು ಒಂದು ಮಧ್ಯಾಹ್ನ ಯಾವುದಾದರೂ ಲ್ಯಾಬಿಗೆ ಕಳುಹಿಸಿ ನೋಡಲಿ. ನಮ್ಮಲ್ಲಿಗೇ ಬಂದರೂ ಸರಿ. ವಾಲಿದ ಇಂಪ್ಲಾಂಟ್‌ಗಳ ಅಚ್ಚುಗಳನ್ನು ಹೆಸರು ಕೆರೆದು ತೆಗೆದು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಸೋಮವಾರ ಬಿಟ್ಟು ಯಾವ ದಿನವಾದರೂ ಬನ್ನಿ, ಸೋಮವಾರ ಡೆಲಿವರಿಯ ಗಡಿಬಿಡಿ.