ಹಣೆ ಉಜ್ಜಿ ಹಾಜರಿ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಅಷ್ಟಿಲ್ಲ, ಆದರೂ ಆಷಾಢ ಬಂತೆಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು. ಇಂಥ ಸೀಮೆಯಲ್ಲಿ ಒಣಗಿರುವುದು ಎರಡೇ. ಅಟ್ಟದ ಮೇಲಿನ ಕಟ್ಟಿಗೆ, ಮತ್ತೆ ನನ್ನ ಕೈ.

ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕೈ ತೊಳೆಯುವುದೇ ಕೆಲಸ, ನಡುವೆ ಬಿಡುವಾದಾಗ ರಕ್ತ ತೆಗೆಯುತ್ತೇನೆ ಅಂದರೂ ತಪ್ಪಿಲ್ಲ. ಒಬ್ಬರನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಗ್ಲೌಸ್ ತೆಗೆದ ಮೇಲೆ, ಟೀ ಕುಡಿಯುವ ಮೊದಲು, ಇನ್ನು ಯಾರಾದರೂ ಹಿರಿಯರು ಯೂರಿನ್ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟು "ತಗೊಳಮ್ಮ" ಅಂತ ಪ್ರೀತಿಯಿಂದ ಕೈಗಿಟ್ಟ ಮೇಲಂತೂ ಕೇಳಲೇಬೇಡಿ. ಹೀಗೆ ತೊಳೆದೂ ತೊಳೆದೂ ಬೆರಳಿನ ಗೆಣ್ಣುಗಳಲ್ಲಿ ಸಣ್ಣ ಸಣ್ಣ ಸೀಳು ಬಿಟ್ಟವು.

ಸೀಳಿನ ಬೆಲೆ ಗೊತ್ತಾಗುವುದು ಊಟಕ್ಕೆ ಕೂತಾಗ. ಅಪ್ಪೆಮಿಡಿ ಉಪ್ಪಿನಕಾಯಿ ನನ್ನ ಜೀವ. ಅದರ ರಸ ಸೀಳಿಗೆ ಇಳಿದರೆ ಮಾತ್ರ ಜೀವ ಹೋದಷ್ಟೇ ಆಗುತ್ತದೆ, ಉಪ್ಪು, ಹುಳಿ, ಖಾರ ಮೂರೂ ಸರದಿ ಮೇಲೆ ಬಂದು ಕುಟುಕುತ್ತವೆ. ಒಂದು ಮದುವೆ ಮನೆಯಲ್ಲಿ ಬೇರೆ ದಾರಿ ಕಾಣದೆ ಬಾಳೆ ಎಲೆ ಮೇಲೆ ಸ್ಪೂನಿನಲ್ಲಿ ಸಾರನ್ನ ಉಣ್ಣಲು ಹೊರಟೆ. ಸಾರು ನನ್ನನ್ನು ಕಾಯದೆ ಪಕ್ಕದವರ ಎಲೆ ಕಡೆ ಹರಿಯಿತು. ಎದುರು ಪಂಕ್ತಿಯಲ್ಲಿದ್ದ ದೊಡ್ಡಮ್ಮ ಎಲ್ಲರಿಗೂ ಕೇಳುವ ಹಾಗೆ, "ಏನೇ, ಶಿವಮೊಗ್ಗಕ್ಕೆ ಹೋಗಿ ಕೈಯಲ್ಲಿ ಉಣ್ಣೋದೂ ಮರ್ತೋಯ್ತಾ?" ಅಂದರು. ಕೈ ತೋರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಹೋಳಿಗೆ ಬರುವಷ್ಟರಲ್ಲಿ ಇಡೀ ಪಂಕ್ತಿಯಿಂದ ಔಷಧಿಗಳು ಬಂದಿದ್ದವು.

ಇದೆಲ್ಲ ಯಾಕಾಗುತ್ತದೆ ಅಂದರೆ, ನಮ್ಮ ಚರ್ಮದ ಮೇಲ್ಪದರ ಒಂದು ಜಂಬಿಟ್ಟಿಗೆ ಗೋಡೆ ಇದ್ದ ಹಾಗೆ. ಸತ್ತ ಜೀವಕೋಶಗಳು ಕಲ್ಲು, ನಡುವಿನ ಜಿಡ್ಡು ಗಾರೆ. ಕೊಳೆಯ ಜಿಡ್ಡು ಯಾವುದು, ಗೋಡೆಯ ಜಿಡ್ಡು ಯಾವುದು ಅಂತ ಸೋಪಿಗೇನು ಗೊತ್ತು, ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿನೀರಾದರೆ ಇನ್ನೂ ಬೇಗ. ಗಾರೆ ಹೋದ ಸಂದಿಯಿಂದ ಒಳಗಿನ ನೀರೂ ಆವಿಯಾಗುತ್ತದೆ. ಅದಕ್ಕೇ ನೀರಲ್ಲಿ ಆಡಿದಷ್ಟೂ ಕೈ ಒಣಗುವುದು. ಹುಳಿ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಚರ್ಮದ್ದು ಸುಮಾರು 5, ಅಂದರೆ ತುಸು ಹುಳಿ. ಮಾಮೂಲಿ ಬಾರ್ ಸೋಪಿನದು 9ರಿಂದ 10, ಅಂದರೆ ಕ್ಷಾರ. ಇಬ್ಬರಿಗೂ ಜಾತಕವೇ ಕೂಡುವುದಿಲ್ಲ. ಸಾಲದ್ದಕ್ಕೆ ಅಂಗೈಯಲ್ಲಿ ಬೆವರಿನ ಗ್ರಂಥಿಗಳು ಬೇಕಾದಷ್ಟಿವೆ, ಎಣ್ಣೆ ಗ್ರಂಥಿ ಒಂದೂ ಇಲ್ಲ. ಇಡೀ ದಿನ ದುಡಿಯುವ ಜಾಗಕ್ಕೇ ರೇಷನ್ ಇಲ್ಲ, ಸುಮ್ನೆ ಕೂತಿರುವ ಮೂಗಿಗೆ ಧಾರಾಳ!

ಈ ವಿಷಯ ನನಗಿಂತ ಮೊದಲು ಗೊತ್ತಿದ್ದದ್ದು ನಮ್ಮ ಲ್ಯಾಬಿನ ಆಯಾಗೆ. ನಮ್ಮಲ್ಲಿ ಬೆರಳೊತ್ತಿ ಹಾಜರಿ ಹಾಕುವ ಮಿಷನ್ ಇದೆ. ಬೆರಳು ಒಣಗಿ ಗೆರೆ ಸವೆದರೆ ಅದಕ್ಕೆ ಗುರುತು ಹತ್ತುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆ "ಮತ್ತೆ ಪ್ರಯತ್ನಿಸಿ" ಅಂತ ಕೂಗುತ್ತದೆ, ಹಿಂದೆ ಸಾಲು ಬೆಳೆಯುತ್ತದೆ, ಮ್ಯಾನೇಜರು ಗಡಿಯಾರ ನೋಡುತ್ತಾರೆ. ಆಯಾ ಫಿನಾಯಿಲ್ ಬಕೆಟ್ ಕೆಳಗಿಟ್ಟು, "ಹಣೆಗೆ ಉಜ್ಜಿ ಒತ್ತಿ ಮೇಡಂ" ಅಂದಳು. ಉಜ್ಜಿದೆ. "ಥ್ಯಾಂಕ್ಯೂ" ಅಂತು. ಹಣೆಯ ಎಣ್ಣೆ ಬೆರಳಿಗೆ ಬಂದಿತ್ತು, ಅಷ್ಟೇ. ಅವಳು ವರ್ಷಗಟ್ಟಲೆ ಹೀಗೇ ಹಾಜರಿ ಹಾಕುತ್ತಿದ್ದಾಳಂತೆ, ನ್ಯಾಯಬೆಲೆ ಅಂಗಡಿಯಲ್ಲೂ ಇದೇ ಉಪಾಯವಂತೆ. ಈಗ ನಾವಿಬ್ಬರೂ ಬಾಗಿಲಲ್ಲಿ ನಿಂತು ಹಣೆ ಉಜ್ಜಿಕೊಳ್ಳುವುದನ್ನು ನೋಡಿದ ಹೊಸ ರೋಗಿಗಳು ಒಳಗೆ ಏನೋ ದೇವರ ಫೋಟೋ ಇದೆ ಅಂದುಕೊಂಡು ತಾವೂ ಕೈ ಮುಗಿಯುತ್ತಾರೆ.

ಮದುವೆ ಮನೆಯ ಔಷಧಿಗಳಿಗೆ ಬರೋಣ. ಅತ್ತೆ ಊರಿಂದ ಮುರುಗಲು ತುಪ್ಪ ಕಳಿಸಿದರು. ಮುರುಗಲು ಹಣ್ಣಿನ ಬೀಜದಿಂದ ತೆಗೆಯುವ ಈ ತುಪ್ಪ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ, ಕೈಯಲ್ಲಿ ಉಜ್ಜಿ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಮಲೆನಾಡಲ್ಲಿ ಒಡೆದ ಹಿಮ್ಮಡಿಗೆ ಹಿಂದಿನಿಂದಲೂ ಇದೇ ಮದ್ದು. ಮದ್ದು ಒಳ್ಳೆಯದೇ. ಆದರೆ ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ಎರಡೂ ಕೈಗೆ ಮೊಣಕೈವರೆಗೆ ಬಳಿದುಕೊಂಡು, ಆಮೇಲೆ ಬಾಗಿಲ ದುಂಡು ಹಿಡಿ ತಿರುಗಿಸಲು ಹೋಗಬಾರದು. ಅದು ಜಾರುತ್ತದೆ. ಹೊರಗಿಂದ ಯಜಮಾನರು "ಎಡಕ್ಕೆ ತಿರುಗಿಸು, ಎಡಕ್ಕೆ" ಅನ್ನುತ್ತಾರೆ, ನಮಗೆ ಎಡ ಯಾವುದು ಅಂತ ಗೊತ್ತಿಲ್ಲದವರ ಹಾಗೆ. ಕೊನೆಗೆ ನೈಟಿಯ ಅಂಚಿನಲ್ಲಿ ಹಿಡಿದು ಹೊರಗೆ ಬಂದೆ. ಹಿಡಿಯನ್ನು ಒರೆಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮುಂದಿನ ಸರದಿ ಯಜಮಾನರದು. ಈ ಸಲ "ಎಡಕ್ಕೆ, ಎಡಕ್ಕೆ" ಅಂದವಳು ನಾನು.

ಅವರಿಗೆ ಒಂದು ಕಥೆಯನ್ನೂ ಹೇಳಿದ್ದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889ರ ಚಳಿಗಾಲದಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸಿನ ಕೈ ಒಡೆದು ಹೋಗಿತ್ತು. ಆಪರೇಷನ್ ಕೋಣೆಯಲ್ಲಿ ಪಾದರಸದ ಲವಣ ಬೆರೆಸಿದ ನೀರಲ್ಲಿ ಕೈ ಅದ್ದುತ್ತಿದ್ದ ಕಾಲ ಅದು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಆಕೆಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಗ್ಲೌಸ್ ಮಾಡಿಸಿಕೊಟ್ಟ. ರೋಗಿಗೆ ಸೋಂಕು ತಗುಲದಿರಲಿ ಅಂತಲ್ಲ, ಆ ಕೈ ಉಳಿಯಲಿ ಅಂತ. 1890ರಲ್ಲಿ ಇಬ್ಬರೂ ಮದುವೆಯಾದರು. ಎಷ್ಟು ಚೆಂದ, ಅಲ್ವಾ? ಯಜಮಾನರು ಕಣ್ಣರಳಿಸಿ ಕೇಳಿಸಿಕೊಂಡರು, ಮರುದಿನ ಗಾಂಧಿ ಬಜಾರಿಂದ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್ ತಂದರು. ಪಾತ್ರೆ ತೊಳೆಯಲಿಕ್ಕೆ. ನನಗೆ!

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೈ ನೋಡುವ ಮೊದಲೇ ಉಂಗುರ ನೋಡಿದರು. ಅದರ ಅಡಿಯಲ್ಲಿ ಸೋಪು ಕೂತು ಅಲ್ಲೇ ಮೊದಲು ಕೆಡುತ್ತದಂತೆ, ತೆಗೆದಿಡಿ ಅಂದರು. ಕೈಗೆ ರಕ್ತ, ಕೊಳೆ ಅಂಟಿದ್ದರೆ, ಶೌಚಕ್ಕೆ ಹೋಗಿ ಬಂದರೆ ಸೋಪು ನೀರೇ ಬೇಕು. ಕಣ್ಣಿಗೆ ಕಾಣುವ ಕೊಳೆ ಇಲ್ಲದಾಗ ಆಲ್ಕೋಹಾಲ್ ಹ್ಯಾಂಡ್ ರಬ್, ಅಂದರೆ ಸ್ಯಾನಿಟೈಸರ್, ಸಾಕು, ಗ್ಲಿಸರಿನ್ ಇರುವ ರಬ್ ಸೋಪಿಗಿಂತ ಕಡಿಮೆ ಒಣಗಿಸುತ್ತದೆ. ನಾನು ರಬ್ ಕಂಡರೆ ಮಾರು ದೂರ ಓಡುತ್ತಿದ್ದೆ, ಉರಿಯುತ್ತಲ್ಲ ಅಂತ. ಉರಿಯುವುದು ಚರ್ಮ ಮೊದಲೇ ಸೀಳಿರುವುದಕ್ಕೆ, ನೀವು ಉರಿಗೆ ಹೆದರಿ ಮತ್ತೆ ಸೋಪಿಗೆ ಹೋಗುತ್ತೀರಿ, ಸೀಳು ಇನ್ನೂ ಜಾಸ್ತಿಯಾಗುತ್ತದೆ ಅಂದರು. ಬಿಸಿನೀರು ಬೇಡ, ಟವೆಲಿನಲ್ಲಿ ತಿಕ್ಕಬೇಡಿ, ಒತ್ತಿ ಒರೆಸಿ, ಪಸೆ ಇನ್ನೂ ಆರುವ ಮೊದಲೇ ಮುಲಾಮು ಹಚ್ಚಿ. ಗ್ಲೌಸನ್ನು ಕೈ ಪೂರ್ತಿ ಒಣಗಿದ ಮೇಲೇ ಹಾಕಿ. ರಾತ್ರಿ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಮೇಲೆ ಹತ್ತಿ ಗ್ಲೌಸ್ ಹಾಕಿ ಮಲಗಿ. ನಾಕು ಕಾಸಿನ ಜೆಲ್ಲಿಯೇ ಸಾಕಂತೆ, ಘಮಘಮ ಪರಿಮಳದ ದುಬಾರಿ ಕ್ರೀಮು ಸೀಳಿದ ಚರ್ಮಕ್ಕೆ ಒಳ್ಳೆಯದೂ ಅಲ್ಲವಂತೆ.

ಹತ್ತಿ ಗ್ಲೌಸ್ ಸಿಗಲಿಲ್ಲ, ಯಜಮಾನರ ಹತ್ತಿ ಸಾಕ್ಸ್ ಸಿಕ್ಕಿತು. ಕೈಗೆ ಸಾಕ್ಸ್ ಹಾಕಿಕೊಂಡವರಿಗೆ ಸೊಳ್ಳೆ ಹೊಡೆಯಲು ಬರುವುದಿಲ್ಲ, ಶಬ್ದವೇ ಆಗುವುದಿಲ್ಲ, ಸೊಳ್ಳೆ ಮುದ್ದು ಮಾಡಿಸಿಕೊಂಡು ಹಾರಿಹೋಗುತ್ತದೆ. ನಡುರಾತ್ರಿ ಫೋನ್ ಬಂದರೆ ಮೂಗಿನಿಂದ ಒತ್ತಬೇಕು. ನಾನು ಮೂಗಿನಿಂದ ಎತ್ತಿದ ಕರೆ ಅತ್ತೆಯದು, ಅದೂ ವಿಡಿಯೋ ಕರೆ, ಅದೂ ತಪ್ಪಿ ಬಂದದ್ದು. ಪಾಪ, ಅವರಿಗೆ ಮೊದಲು ಕಂಡಿದ್ದು ನನ್ನ ಮೂಗಿನ ಹೊಳ್ಳೆ, ಆಮೇಲೆ ಅಲ್ಲಾಡುತ್ತಿದ್ದ ಎರಡು ಸಾಕ್ಸ್.

ಇಷ್ಟೆಲ್ಲ ಆಗಿ ಕೈ ಮೆತ್ತಗಾಯಿತು. ಉಪ್ಪಿನಕಾಯಿ ಮತ್ತೆ ಶುರು. ಆದರೆ ಬೆಳಿಗ್ಗೆ ಮುಲಾಮು ಹಚ್ಚಿಕೊಂಡೇ ಲ್ಯಾಬಿಗೆ ಹೋದೆನಾ, ಮಿಷನ್ನಿನ ಗಾಜಿನ ಮೇಲೆ ಜಿಡ್ಡು ಹತ್ತಿ ನನ್ನದೂ ಓದಲಿಲ್ಲ, ನನ್ನ ಹಿಂದಿನ ಯಾರದ್ದೂ ಓದಲಿಲ್ಲ. ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂತು. ಆಯಾ ಬಂದು ಸೆರಗಿನಲ್ಲಿ ಗಾಜು ಒರೆಸಿ, ಎಲ್ಲರಿಗಿಂತ ಮೊದಲು ತನ್ನ ಹಾಜರಿ ಹಾಕಿಕೊಂಡಳು.